ಕನ್ಹೇರಿ ಬೆಟ್ಟಕ್ಕೊಂದು ಸೈಕಲ್ ಯಾತ್ರೆ



‘ದೇಶ ಸುತ್ತು, ಕೋಶ ಓದು’ ಎಂಬ ಮಾತನ್ನು ಮನೆಯ ಹಿರಿಯರ ಬಾಯಲ್ಲಿ ನೀವು ಒಮ್ಮೆಯಾದರೂ ಕೇಳಿರುತ್ತೀರಿ. ದೇಶ ಸುತ್ತುವುದರಲ್ಲಿ ನೀವು ನಮಗಿಂತ ಎಷ್ಟೋ ಮುಂದೆ. ಲಡಾಖಿಗೆ ಮೋಟಾರ್ ಸೈಕಲಿನಲ್ಲಿ ಹೋಗಿ ಬಂದ ಹುಡುಗರು, ಹಿಮಾಲಯದಲ್ಲಿ ಚಾರಣ ಮಾಡಿ ಬಂದ ಹುಡುಗಿಯರು ನಮ್ಮ ಸಂಘದಲ್ಲೇ ಇದ್ದಾರೆ. ಅವರ ಬಗ್ಗೆ ನಮಗೆಲ್ಲ ಹೆಮ್ಮೆ. ಆದರೂ ಒಂದು ಪ್ರಶ್ನೆ ಕೇಳುತ್ತೇನೆ. ದಿನಾ ಲೋಕಲ್ ರೈಲಿನ ಬಾಗಿಲಲ್ಲಿ ನಿಂತು ಬೊರಿವಲಿಯನ್ನೋ ಮುಲುಂಡನ್ನೋ ದಾಟುವಾಗ ಕಟ್ಟಡಗಳ ಸಂದಿಯಲ್ಲಿ ಒಂದು ಬೆಟ್ಟದ ಸಾಲು ಕಾಣುತ್ತದಲ್ಲ, ಅದರೊಳಗೆ ಏನಿದೆ ಎಂದು ಒಮ್ಮೆಯಾದರೂ ಹೋಗಿ ನೋಡಿದ್ದೀರಾ?

ನಾನು ಮುಲುಂಡಿನಲ್ಲಿ ಹುಟ್ಟಿ ಬೆಳೆದವನು. ಐವತ್ತು ವರ್ಷ ಆ ಬೆಟ್ಟವನ್ನು ಕಿಟಕಿಯಿಂದ ನೋಡಿದ್ದೇನೆ. ಮಳೆಗಾಲದಲ್ಲಿ ಹಸಿರು, ಬೇಸಗೆಯಲ್ಲಿ ಕಂದು, ಅಷ್ಟೇ ನನಗೆ ಗೊತ್ತಿದ್ದದ್ದು. ಅದರ ಹೊಟ್ಟೆಯೊಳಗೆ ಕನ್ನಡಿಗರಾದ ನಮಗೆ ಸಂಬಂಧಪಟ್ಟದ್ದು ಒಂದಿದೆ ಎಂದು ತಿಳಿದದ್ದು ತಡವಾಗಿ. ಹೋಗಿ ನೋಡಿದ್ದು ಇನ್ನೂ ತಡವಾಗಿ, ಮೇ ತಿಂಗಳ ಒಂದು ಭಾನುವಾರ, ಸುಡುಬಿಸಿಲಿನಲ್ಲಿ, ಸೈಕಲ್ ತುಳಿದುಕೊಂಡು. ಆ ದಿನ ನಾವು ಮಾಡಿದ ತಪ್ಪುಗಳನ್ನೂ ಮುಚ್ಚಿಡದೆ ನಿಮಗೆ ಹೇಳಬೇಕೆಂದು ಈ ಲೇಖನ.

ಈ ಯಾತ್ರೆಗೆ ಮೂಲ ಕಾರಣ ನಮ್ಮ ಮಾಷ್ಟ್ರು. ಅವರ ಹೆಸರು ಹೇಳುವುದಿಲ್ಲ, ಹೇಳಿದರೆ ಬೈಯುತ್ತಾರೆ. ಕುಂದಾಪುರದ ಕಡೆಯ ಒಂದು ಹಳ್ಳಿಯಿಂದ 1978ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದವರು. ಹಗಲು ಕೋಟೆ ಭಾಗದ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವುದು, ರಾತ್ರಿ ಅಲ್ಲೇ ಹತ್ತಿರದ ಕನ್ನಡ ರಾತ್ರಿಶಾಲೆ. ಈ ರಾತ್ರಿಶಾಲೆಗಳ ವಿಷಯ ನಿಮಗೆ ತಿಳಿದಿರಲಿ. ಮೊಗವೀರ ವ್ಯವಸ್ಥಾಪಕ ಮಂಡಳಿಯವರು 1908ರಷ್ಟು ಹಿಂದೆಯೇ ಇಲ್ಲಿ ರಾತ್ರಿಶಾಲೆ ತೆರೆದಿದ್ದರು. ಮುಂದೆ ಇಂಥ ಶಾಲೆಗಳಲ್ಲಿ ಮೇಜು ಒರೆಸುವ ಹುಡುಗರು ಅಕ್ಷರ ಕಲಿತು ಗುಮಾಸ್ತರಾದರು, ವಕೀಲರಾದರು, ಹೋಟೆಲಿನ ಮಾಲೀಕರೂ ಆದರು. ನಮ್ಮ ಮಾಷ್ಟ್ರು ಲೆಕ್ಕಪತ್ರದ ಕೆಲಸ ಹಿಡಿದು ಈಗ ನಿವೃತ್ತರು. ಇಪ್ಪತ್ತೈದು ವರ್ಷದಿಂದ ನಮ್ಮ ಭಾನುವಾರದ ಕನ್ನಡ ತರಗತಿ ನಡೆಸುತ್ತಿದ್ದಾರೆ. ಒಂದು ಕಾಲಕ್ಕೆ ಅಲ್ಲಿ ನಲವತ್ತು ಮಕ್ಕಳು ಕೂರುತ್ತಿದ್ದರು. ಈಗ ಆರೇಳು ಮಂದಿ ಬಂದರೆ ಅಂದು ಹಬ್ಬ.

ರಾತ್ರಿಶಾಲೆಯಲ್ಲಿ ಕವಿರಾಜಮಾರ್ಗದ ಪಾಠ ಬಂದಾಗ ಅವರ ಗುರುಗಳು ಹೇಳಿದ್ದರಂತೆ: “ಅಮೋಘವರ್ಷ ನೃಪತುಂಗನ ಹೆಸರು ಕೆತ್ತಿದ ಕಲ್ಲು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ ಮಕ್ಕಳೇ, ಬೊರಿವಲಿಗೆ ಹೋದರೆ ಸಾಕು.” ಅಂದಿನಿಂದ ಮಾಷ್ಟ್ರಿಗೆ ಆ ಕಲ್ಲು ನೋಡುವ ಆಸೆ. ಆದರೆ ಹೋಟೆಲಿನ ಹುಡುಗನಿಗೆ ಭಾನುವಾರದ ರಜೆ ಎಲ್ಲಿ? ಆಮೇಲೆ ಮದುವೆ, ಮಕ್ಕಳು, ಊರಿನ ಮನೆಯ ಸಾಲ, ಭಾನುವಾರದ ತರಗತಿ. ನಲವತ್ತೈದು ವರ್ಷ ಕಳೆದೇಹೋಯಿತು. ಕಳವಾದಿಂದ ಬೊರಿವಲಿಗೆ ಹೋಗಲು ಅವರಿಗೆ ಸಮಯವಾಗಲಿಲ್ಲ ಎಂದರೆ ನೀವು ನಗಬಹುದು. ನಗಬೇಡಿ. ಮುಂಬಯಿಯಲ್ಲಿ ಹಾಗೆಯೇ.

ಡೊಂಬಿವಲಿಯಲ್ಲಿ ನನಗೊಬ್ಬ ಗೆಳೆಯ. ಅವನ ಮಗಳು ಕಾಲೇಜು ವಿದ್ಯಾರ್ಥಿನಿ, ಇಪ್ಪತ್ತು ವರ್ಷ. ದಪ್ಪ ಟೈರಿನ ಗೇರು ಸೈಕಲ್ ಕೊಂಡಿದ್ದಳು. ಬೆಟ್ಟದ ಸುತ್ತ ಒಂದು ಪ್ರದಕ್ಷಿಣೆ ಹಾಕೋಣ ಎಂದು ಅವಳದೇ ಸೂಚನೆ. ಠಾಣೆಯಿಂದ ಹೊರಟು ಘೋಡ್‌ಬಂದರ್ ರಸ್ತೆ ಹಿಡಿದು ಬೊರಿವಲಿ, ಅಲ್ಲಿಂದ ಕನ್ಹೇರಿ ಹತ್ತಿ ಇಳಿದು, ಆರೇ ಕಾಲನಿ, ಪವಾಯಿ ಮಾರ್ಗವಾಗಿ ಮತ್ತೆ ಠಾಣೆ. ಒಟ್ಟು ಎಪ್ಪತ್ತು ಎಪ್ಪತ್ತೈದು ಕಿಲೋಮೀಟರ್. ಸಂಘದ ಕಚೇರಿಯಲ್ಲಿ ಈ ಮಾತಾಡುತ್ತಿದ್ದಾಗ ಮೂಲೆಯಲ್ಲಿ ಕೂತಿದ್ದ ಮಾಷ್ಟ್ರು ಕನ್ನಡಕ ತೆಗೆದು, “ಕನ್ಹೇರಿಗಾ? ನಾನೂ ಬರುತ್ತೇನೆ” ಎಂದರು. ಬೇಡವೆನ್ನಲು ನಮಗೆ ಬಾಯಿ ಬರಲಿಲ್ಲ. ದಿನಾ ಸ್ಟೇಷನ್ನಿಗೆ ಸೈಕಲಿನಲ್ಲೇ ಹೋಗಿ ಬರುತ್ತಿದ್ದವರು, ಆರೋಗ್ಯವೂ ಚೆನ್ನಾಗಿತ್ತು. ಮೇ ತಿಂಗಳಲ್ಲಿ ಬೇಡ ಎಂದು ನನ್ನ ಹೆಂಡತಿ ಹೇಳಿದಳು. ಜೂನ್ ಬಂದರೆ ಮಳೆ, ರಸ್ತೆಯೆಲ್ಲ ಹೊಂಡ ಎಂದು ನಾವು ವಾದಿಸಿದೆವು. ಅವಳ ಮಾತು ಕೇಳಬೇಕಿತ್ತು.

ಬೆಳಿಗ್ಗೆ ಐದಕ್ಕೆ ಠಾಣೆಯ ತೀನ್ ಹಾಥ್ ನಾಕಾದಲ್ಲಿ ಸೇರುವುದೆಂದು ಮಾತಾಗಿತ್ತು. ಮಾಷ್ಟ್ರು ನಾಲ್ಕೂಮುಕ್ಕಾಲಿಗೇ ಬಂದಿದ್ದರು, ತಮ್ಮ ಹಳೆಯ ಕಪ್ಪು ಸೈಕಲಿನಲ್ಲಿ. ಗೇರಿಲ್ಲ. ಕ್ಯಾರಿಯರಿಗೆ ಕಟ್ಟಿದ ಚೀಲದಲ್ಲಿ ಕಾಗದ, ಪೆನ್ಸಿಲು, ಒಂದು ಸಣ್ಣ ನೀರಿನ ಬಾಟಲಿ. ನನ್ನದು ಮಗ ಬಿಟ್ಟುಹೋದ ಗೇರು ಸೈಕಲ್. ಅದರ ಹಿಂದಿನ ಚಕ್ರ ಹೊರಡುವ ಹೊತ್ತಿಗೇ ಸೊಟ್ಟ ಮಾಡಿತು. ಟ್ಯೂಬು ತೆಗೆದು, ತೇಪೆ ಹಾಕಿ, ಗಾಳಿ ಹೊಡೆಯುವಷ್ಟರಲ್ಲಿ ಆರೂವರೆ. ತಂಪಿನ ಒಂದೂವರೆ ಗಂಟೆ ಕೈಬಿಟ್ಟುಹೋಯಿತು. ಮೊದಲ ತಪ್ಪು ನನ್ನದೇ. ಹಿಂದಿನ ರಾತ್ರಿಯೇ ಟೈರು ನೋಡಿಕೊಳ್ಳಬೇಕಾಗಿತ್ತು.

ಠಾಣೆ ಬಿಡುವಾಗ ಮಾಷ್ಟ್ರಿಗೆ ಬಹಳ ಹುರುಪು. ಈ ಊರು ಒಂದು ಕಾಲಕ್ಕೆ ಉತ್ತರ ಕೊಂಕಣದ ಶಿಲಾಹಾರ ಅರಸರ ದೊಡ್ಡ ಪಟ್ಟಣ, ಅವರ ತಾಮ್ರಪಟಗಳಲ್ಲಿ ‘ಸ್ಥಾನಕ’ ಎಂದು ಹೆಸರು ಬರುತ್ತದೆ, ಅವರು ಮೊದಲು ರಾಷ್ಟ್ರಕೂಟರ ಸಾಮಂತರು ಎಂದೆಲ್ಲ ಪೆಡಲು ತುಳಿಯುತ್ತಲೇ ಪಾಠ ಶುರುಮಾಡಿದರು. “ಅವರ ಬಿರುದುಗಳಲ್ಲಿ ಕನ್ನಡದ್ದೂ ಇವೆ ಮಗಾ. ‘ನನ್ನಿಸಮುದ್ರ’ ಅಂತ ಒಂದು. ನನ್ನಿ ಅಂದರೆ ಏನು ಹೇಳು?” ಹುಡುಗಿ, “ನನ್ನದು ಅಂತಲಾ ಮಾಷ್ಟ್ರೇ?” ಎಂದಳು. “ನನ್ನಿ ಅಂದರೆ ಸತ್ಯ. ಹಳಗನ್ನಡ” ಎಂದು ಮಾಷ್ಟ್ರು ನಕ್ಕರು. ಅವಳು ಚಿಕ್ಕವಳಿದ್ದಾಗ ಎರಡು ವರ್ಷ ಅವರ ತರಗತಿಗೆ ಬಂದಿದ್ದಳು. ಮೂರನೆಯ ಇಯತ್ತೆಗೆ ಟ್ಯೂಷನ್ ಶುರುವಾಯಿತು, ಕನ್ನಡ ನಿಂತಿತು. ಮಾತು ಬರುತ್ತದೆ, ಓದಲು ಬಾರದು. ನಿಮ್ಮಲ್ಲಿ ಬಹಳ ಮಂದಿಯ ಕಥೆಯೂ ಇದೇ ಅಲ್ಲವೇ?

ಮಾಜಿವಾಡಾ ದಾಟಿದ ಮೇಲೆ ರಸ್ತೆಯ ಎಡಕ್ಕೆ ಬೆಟ್ಟ, ಎರಡೂ ಕಡೆ ಮುಗಿಲು ಮುಟ್ಟುವ ಕಟ್ಟಡಗಳು. ಮಾನ್‌ಪಾಡಾ, ಪಾತ್ಲಿಪಾಡಾ, ವಾಘ್‌ಬಿಲ್. ವಾಘ್‌ಬಿಲ್ ಎಂದರೆ ಹುಲಿಯ ಬಿಲ. ಮರಾಠಿಗೂ ಕನ್ನಡಕ್ಕೂ ಬಿಲ ಒಂದೇ. ಈಗ ಅಲ್ಲಿ ಹುಲಿ ಇಲ್ಲ, ಬೆಟ್ಟದಲ್ಲಿ ಚಿರತೆಗಳಿವೆ. ಕಾಸರ್‌ವಡವಲಿ ಬಿಟ್ಟಮೇಲೆ ಗಾಯ್‌ಮುಖ್ ಘಾಟಿ. ಹೆಸರಿಗೆ ಸಣ್ಣ ಘಾಟಿ, ಆದರೆ ಗುಜರಾತಿನತ್ತ ಹೋಗುವ ಲಾರಿಗಳು ಉಸಿರುಗಟ್ಟಿ ಹತ್ತುವ ಜಾಗ. ಅವುಗಳ ಹೊಗೆ ನಮ್ಮ ಮುಖಕ್ಕೆ. ಬಲಕ್ಕೆ ಕೆಳಗೆ ಖಾಡಿಯ ನೀರು ತವರದ ತಗಡಿನಂತೆ ಹೊಳೆಯುತ್ತಿತ್ತು. ನಾವು ಮೂವರೂ ಸಣ್ಣ ಗೇರಿಗೆ ಹಾಕಿ ಇರುವೆಯಂತೆ ಹತ್ತಿದೆವು. ಮಾಷ್ಟ್ರು ಸೀಟಿನಿಂದೆದ್ದು ನಿಂತು ತುಳಿದರು. ಇಳಿದು ತಳ್ಳಿಕೊಂಡು ಬನ್ನಿ ಎಂದರೆ ಕೇಳಲಿಲ್ಲ.

ಇಳಿಜಾರಿನಲ್ಲಿ ಘೋಡ್‌ಬಂದರ್ ಗ್ರಾಮ. ಹಡಗಿನಲ್ಲಿ ಬಂದ ಕುದುರೆಗಳನ್ನು ಇಳಿಸುತ್ತಿದ್ದ ಬಂದರಾದ್ದರಿಂದ ಈ ಹೆಸರು ಎನ್ನುತ್ತಾರೆ. ಗುಡ್ಡದ ಮೇಲೆ ಪೋರ್ಚುಗೀಸರ ಕಾಲದ ಕೋಟೆ ಇದೆ. ನಾವು ನಿಲ್ಲಲಿಲ್ಲ. ಈ ಬೆಟ್ಟದ ಅಡಿಯಿಂದಲೇ ಠಾಣೆ-ಬೊರಿವಲಿ ಜೋಡಿ ಸುರಂಗಕ್ಕೆ 2024ರಲ್ಲಿ ಶಂಕುಸ್ಥಾಪನೆಯಾಗಿದೆ. ಅದು ಮುಗಿದರೆ ಈ ಸುತ್ತು ಯಾರಿಗೂ ಬೇಡ. ಬೆಟ್ಟವನ್ನು ಕಾಣದೆಯೇ ಬೆಟ್ಟ ದಾಟಬಹುದು.

ಕಾಶಿಮೀರಾದಲ್ಲಿ ನಮ್ಮ ಇನ್ನೊಬ್ಬ ಗೆಳೆಯ ಕಾಯುತ್ತಿದ್ದ. ಮೀರಾರೋಡಿನಲ್ಲಿ ಅವನದು ಊಟ ತಿಂಡಿ ಒದಗಿಸುವ ವ್ಯಾಪಾರ. ಬಾಳೆಲೆಯಲ್ಲಿ ಕಟ್ಟಿದ ಇಡ್ಲಿ, ಬನ್ಸ್ ತಂದಿದ್ದ. ನಾವು ರಸ್ತೆಬದಿಯ ಮರದಡಿ ಕೂತು ಮುಕ್ಕಿದೆವು. ಮಾಷ್ಟ್ರು ಮಾತ್ರ ಅಂದು ಬೆಳಗಿನ ಉಪವಾಸ, ಚಹಾ ಒಂದೇ ಸಾಕು ಎಂದರು. “ನೀರಾದರೂ ಕುಡಿಯಿರಿ” ಎಂದಾಗ, ಸೈಕಲ್ ತುಳಿಯುವಾಗ ನೀರು ಕುಡಿದರೆ ಹೊಟ್ಟೆ ಹಿಡಿಯುತ್ತದೆ ಎಂದರು. ಹಿರಿಯರು ಹೇಳಿದ ಮೇಲೆ ನಾವು ಸುಮ್ಮನಾದೆವು. ಇದು ಎರಡನೆಯ ತಪ್ಪು, ಮತ್ತು ದೊಡ್ಡದು.

ಬೊರಿವಲಿಯಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಬಾಗಿಲು ತಲುಪಿದಾಗ ಹತ್ತೂವರೆ. ಸುಮಾರು ನೂರು ಚದರ ಕಿಲೋಮೀಟರಿನ ಕಾಡು ಇದು. ಮುಂಬಯಿಗೆ ನೀರು ಕೊಟ್ಟ ಹಳೆಯ ಕೆರೆಗಳಾದ ವಿಹಾರ, ತುಳಸಿ ಎರಡೂ ಇದರ ಮಡಿಲಲ್ಲಿವೆ. ಬಾಗಿಲಿನಿಂದ ಕನ್ಹೇರಿ ಗುಹೆಗಳಿಗೆ ಆರೇಳು ಕಿಲೋಮೀಟರ್ ಟಾರು ರಸ್ತೆ. ಮೊದಲು ಸಮ, ಆಮೇಲೆ ಏರು, ಕೊನೆಗೆ ಬಲು ಏರು. ಮೇ ತಿಂಗಳಲ್ಲಿ ತೇಗದ ಎಲೆಯೆಲ್ಲ ಉದುರಿ ನೆರಳಿಲ್ಲ. ಒಣಗಿದ ಎಲೆ ರಸ್ತೆಯ ಮೇಲೆ ಹಪ್ಪಳದಂತೆ ಮುರಿಯುತ್ತಿತ್ತು. ಗಾಳಿ ಅಲುಗುತ್ತಿರಲಿಲ್ಲ. ನಮ್ಮ ಕರಾವಳಿಯ ಸೆಕೆ ನಿಮಗೆ ಗೊತ್ತೇ ಇದೆ. ಬೆವರು ಧಾರಾಳ ಹರಿಯುತ್ತದೆ, ಆದರೆ ಗಾಳಿಯಲ್ಲೇ ತೇವ ತುಂಬಿರುವುದರಿಂದ ಆರುವುದಿಲ್ಲ. ಬೆವರು ಆರಿದರೆ ತಾನೆ ಮೈ ತಂಪಾಗುವುದು? ಹಾಗಾಗಿ ಉತ್ತರದ ಒಣ ಬಿಸಿಲಿಗಿಂತ ಡಿಗ್ರಿ ಕಡಿಮೆ ಇದ್ದರೂ ಇಲ್ಲಿ ದೇಹ ಬೇಗ ಸೋಲುತ್ತದೆ.

ಮಾಷ್ಟ್ರು ಮಾತು ನಿಲ್ಲಿಸಿದ್ದನ್ನು ಮೊದಲು ಗಮನಿಸಿದವಳು ಹುಡುಗಿ. ನಾವು ಮೂವರು ಗಂಡಸರು ನಮ್ಮ ನಮ್ಮ ಏದುಸಿರಿನಲ್ಲೇ ಇದ್ದೆವು. “ಅಂಕಲ್, ಮಾಷ್ಟ್ರು ಹತ್ತು ನಿಮಿಷದಿಂದ ಏನೂ ಹೇಳ್ಲಿಲ್ಲ” ಎಂದಳು. ಹಿಂದಿರುಗಿ ನೋಡಿದರೆ ಅವರು ಸೈಕಲಿನಿಂದಿಳಿದು ಹ್ಯಾಂಡಲಿಗೆ ಒರಗಿ ನಿಂತಿದ್ದರು. ಮುಖ ಬಿಳುಚಿಕೊಂಡಿತ್ತು. ಹತ್ತಿರ ಹೋಗುವಷ್ಟರಲ್ಲಿ ವಾಂತಿ ಮಾಡಿಕೊಂಡರು. ಸೈಕಲ್ ಒಂದು ಕಡೆ, ಅವರು ಒಂದು ಕಡೆ ಬಿದ್ದರು.

ನಾನು ನಿಜ ಹೇಳುತ್ತೇನೆ, ನನಗೆ ಕೈಕಾಲು ಆಡಲಿಲ್ಲ. ಅವರ ಮನೆಯವರಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ. ಕೆಲಸ ಮಾಡಿದವಳು ಆ ಹುಡುಗಿ. ಕಾಲೇಜಿನ ಎನ್.ಸಿ.ಸಿ.ಯಲ್ಲಿ ಕಲಿತಿದ್ದಳಂತೆ. ಎತ್ತಿ ಬಂಡೆಯ ನೆರಳಿಗೆ ತರಿಸಿದಳು. ಅಂಗಿಯ ಗುಂಡಿ ಬಿಚ್ಚಿಸಿ, ಕಾಲು ಸ್ವಲ್ಪ ಎತ್ತರಕ್ಕೆ ಇಡಿಸಿದಳು. ತನ್ನ ದುಪಟ್ಟಾ ಒದ್ದೆ ಮಾಡಿ ಕುತ್ತಿಗೆಗೆ, ಕಂಕುಳಿಗೆ ಒತ್ತಿದಳು. ನಾವು ಟೋಪಿಯಿಂದ ಗಾಳಿ ಹಾಕಿದೆವು. ಅವಳ ಚೀಲದಲ್ಲಿ ಒಂದು ಲೀಟರಿನ ಬಾಟಲಿ ಬೇರೆಯೇ ಇತ್ತು. ಶುದ್ಧ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮನೆಯಿಂದಲೇ ಕಲಸಿ ತಂದದ್ದು. ವಾಂತಿ ನಿಂತ ಮೇಲೆ ಗುಟುಕು ಗುಟುಕಾಗಿ ಕುಡಿಸಿದಳು.

“ಬೆವರು ಇದೆ, ಅದು ಒಳ್ಳೇದು. ಆದರೆ ತಲೆ ಸರಿ ಇದೆಯಾ ನೋಡ್ಬೇಕು. ಮಾತು ಅಡ್ಡಾದಿಡ್ಡಿ ಆದರೆ ಡೇಂಜರ್” ಎಂದಳು. ಆಮೇಲೆ ಅವರ ಕಿವಿಯ ಹತ್ತಿರ ಬಗ್ಗಿ, “ಮಾಷ್ಟ್ರೇ, ಕಾಗುಣಿತ ಹೇಳಿ” ಎಂದಳು.

ಮಾಷ್ಟ್ರು ಕಣ್ಣು ಮುಚ್ಚಿಕೊಂಡೇ ಸಣ್ಣ ದನಿಯಲ್ಲಿ ಶುರು ಮಾಡಿದರು. ಕ, ಕಾ, ಕಿ, ಕೀ...

ಅವಳು ನನ್ನ ಮುಖ ನೋಡಿದಳು. “ಸರಿ ಹೇಳ್ತಾ ಇದ್ದಾರಾ ಅಂಕಲ್? ನಂಗೆ ಗೊತ್ತಾಗೋದಿಲ್ಲ.”

ಆ ಗಾಬರಿಯಲ್ಲೂ ಆ ಮಾತು ನನಗೆ ಚುಚ್ಚಿತು. ಮಾಷ್ಟ್ರಿಗೂ ಕೇಳಿಸಿರಬೇಕು. ಕಣ್ಣು ತೆರೆದು ಅವಳನ್ನೇ ನೋಡಿ, ನಿಲ್ಲಿಸದೆ ಕಃ ತನಕ ಹೇಳಿ ಮುಗಿಸಿದರು. ಒಂದೂ ತಪ್ಪಿರಲಿಲ್ಲ.

ಅರ್ಧ ಗಂಟೆಯಲ್ಲಿ ಮುಖಕ್ಕೆ ರಕ್ತ ಬಂತು. ಎದ್ದು ಕೂತರು. ಗುಹೆ ಇನ್ನೆಷ್ಟು ದೂರ ಎಂದು ಕೇಳಿದರು. ಹೆಚ್ಚೆಂದರೆ ಒಂದೂವರೆ ಕಿಲೋಮೀಟರ್. ಹೋಗಿಯೇ ಬಿಡೋಣ ಎಂದರು. ನನ್ನ ಮನಸ್ಸೂ ಸ್ವಲ್ಪ ಸಡಿಲವಾಯಿತು. ನಲವತ್ತೈದು ವರ್ಷದ ಆಸೆ, ಒಂದೂವರೆ ಕಿಲೋಮೀಟರ್! ಆದರೆ ಹುಡುಗಿ ಒಪ್ಪಲಿಲ್ಲ. “ನೀವು ಈಗ ಕೆಳಗೆ, ಡಾಕ್ಟರ ಹತ್ರ. ಗುಹೆ ಎಲ್ಲೂ ಓಡಿ ಹೋಗೋದಿಲ್ಲ ಮಾಷ್ಟ್ರೇ” ಎಂದು ಖಡಾಖಂಡಿತ ಹೇಳಿದಳು. ಮೇಲಿಂದ ಬರುತ್ತಿದ್ದ ಉದ್ಯಾನದ ಬಸ್ಸಿಗೆ ಕೈಮಾಡಿ ನಿಲ್ಲಿಸಿದೆವು. ಮೀರಾರೋಡಿನವನು ಅವರ ಜೊತೆ ಹತ್ತಿದ. ಡೊಂಬಿವಲಿಯವನು ಸೈಕಲುಗಳಿಗೆ ಕಾವಲು ನಿಂತ. ಬಸ್ಸಿನ ಕಿಟಕಿಯಿಂದ ಮಾಷ್ಟ್ರು ಕಾಗದ, ಪೆನ್ಸಿಲು ಹುಡುಗಿಯ ಕೈಗೆ ಕೊಟ್ಟರು. “ನೀನಾದರೂ ನೋಡಿ ಬಾ. ಹೇಗೆ ಕಾಣುತ್ತದೋ ಹಾಗೆ ಬರೆದುಕೊಂಡು ಬಾ” ಎಂದರು.

ಹಾಗಾಗಿ ಕೊನೆಯ ಏರು ಹತ್ತಿದ್ದು ನಾನು ಮತ್ತು ಆ ಹುಡುಗಿ ಇಬ್ಬರೇ. ಮೆಟ್ಟಲ ಬುಡದಲ್ಲಿ ಸೌತೆಕಾಯಿ, ಕವಳೆ ಹಣ್ಣು ಇಟ್ಟುಕೊಂಡು ಒಬ್ಬ ಅಜ್ಜಿ ಕೂತಿದ್ದಳು. ಅವಳ ಬಾಯಲ್ಲಿ ಅದು ಕರವಂದ, ನಮ್ಮ ತುಳುವಿನಲ್ಲಿ ಕರಂಡೆ. ಉಪ್ಪು ಹಚ್ಚಿದ ಸೌತೆಕಾಯಿ ಅಂದಿನಷ್ಟು ರುಚಿಯಾಗಿ ನಾನೆಂದೂ ತಿಂದಿಲ್ಲ.

ಕನ್ಹೇರಿ ಎಂದರೆ ಕೃಷ್ಣಗಿರಿ, ಕಪ್ಪು ಬೆಟ್ಟ. ಒಂದೇ ಕರಿಕಲ್ಲಿನ ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಗುಹೆಗಳು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಬೌದ್ಧ ಭಿಕ್ಷುಗಳಿಗಾಗಿ ಕೊರೆಯಲು ತೊಡಗಿ, ಸಾವಿರ ವರ್ಷದ ತನಕ ಇಲ್ಲಿ ಜನವಸತಿ ಇತ್ತು. ಮೂರನೆಯ ಗುಹೆಯ ದೊಡ್ಡ ಚೈತ್ಯದೊಳಗೆ ಹೊಕ್ಕರೆ ಎರಡು ಸಾಲು ಕಂಬ, ಕೊನೆಯಲ್ಲಿ ಸ್ತೂಪ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟಾಗ ಮೈಗೆ ತಣ್ಣೀರು ಸುರಿದಂತಾಯಿತು. ದಾನ ಕೊಟ್ಟವರಲ್ಲಿ ಕಲ್ಯಾಣ, ಸೋಪಾರ, ಚೌಲದ ವ್ಯಾಪಾರಿಗಳಿದ್ದಾರೆ. ಇಂದು ನಾವು ಲೋಕಲ್ ರೈಲು ಹತ್ತುವ ಊರುಗಳೇ ಕೆಲವು!

ನನ್ನನ್ನು ಬೆರಗುಗೊಳಿಸಿದ್ದು ಮಾತ್ರ ನೀರಿನ ಏರ್ಪಾಟು. ಗುಹೆ ಗುಹೆಗೂ ಪಕ್ಕದಲ್ಲಿ ಕಲ್ಲಿನಲ್ಲೇ ಕೊರೆದ ತೊಟ್ಟಿ. ಮಳೆಗಾಲದಲ್ಲಿ ಬಂಡೆಯ ಮೇಲೆ ಬಿದ್ದ ನೀರನ್ನು ಸಣ್ಣ ಸಣ್ಣ ಕಾಲುವೆಗಳು ತೊಟ್ಟಿಗೆ ತಂದು ತುಂಬಿಸುತ್ತವೆ. ತೊಟ್ಟಿ ಕೊರೆಸಿದ ಪುಣ್ಯವನ್ನೇ ಶಾಸನದಲ್ಲಿ ಬರೆಸಿದವರಿದ್ದಾರೆ. ಮೇ ತಿಂಗಳಲ್ಲೂ ಕೆಲವು ತೊಟ್ಟಿಗಳಲ್ಲಿ ನೀರು ಮಿನುಗುತ್ತಿತ್ತು. ಎರಡು ಸಾವಿರ ವರ್ಷದ ಹಿಂದಿನ ಭಿಕ್ಷುಗಳಿಗೆ ಇದ್ದ ಮುಂದಾಲೋಚನೆ ಅಂದು ನಮಗೆ ಇರಲಿಲ್ಲ.

ಹನ್ನೊಂದನೆಯ ಗುಹೆಗೆ ದರ್ಬಾರ್ ಗುಹೆ ಎಂದು ಹೆಸರು. ಒಳಗೆ ಉದ್ದಕ್ಕೂ ಎರಡು ತಗ್ಗಾದ ಕಲ್ಲಿನ ಜಗಲಿ, ಪಂಕ್ತಿಯ ಮಣೆಗಳ ಹಾಗೆ. ಎಲ್ಲೋರದ ಐದನೆಯ ಗುಹೆಯಲ್ಲೂ ಇಂಥದೇ ಇದೆ. ಈ ದರ್ಬಾರ್ ಗುಹೆಯಲ್ಲೇ ಅಮೋಘವರ್ಷನ ಕಾಲದ ಶಾಸನ, ಶಕ ವರ್ಷ 775ರದು, ಅಂದರೆ ಕ್ರಿ.ಶ. 853ರ ಸುಮಾರಿನದು. ಮಾನ್ಯಖೇಟದಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಕೂತು ಆಳುತ್ತಿದ್ದ ರಾಷ್ಟ್ರಕೂಟ ಚಕ್ರವರ್ತಿಯ ಹೆಸರು ಮೊದಲು. ಆಮೇಲೆ ಅವನ ಕೈಕೆಳಗೆ ಕೊಂಕಣ ಆಳುತ್ತಿದ್ದ ಶಿಲಾಹಾರ ಕಪರ್ದಿಯ ಹೆಸರು. ಗೌಡದೇಶದಿಂದ, ಅಂದರೆ ಬಂಗಾಳದ ಕಡೆಯಿಂದ, ಬಂದ ಅವಿಘ್ನಾಕರನೆಂಬ ಬುದ್ಧಭಕ್ತ ನೂರು ದ್ರಮ್ಮ ನಾಣ್ಯಗಳನ್ನು ಇಲ್ಲಿ ದಾನವಿಟ್ಟ ವಿಷಯ ಅದರಲ್ಲಿದೆ. ಅಮೋಘವರ್ಷನ ಆಳ್ವಿಕೆಯ ಶಾಸನಗಳು ಈ ಬೆಟ್ಟದಲ್ಲಿ ಇನ್ನೂ ಇವೆ. ಸರಿಸುಮಾರು ಅದೇ ಕಾಲಕ್ಕೆ ಅವನ ಆಸ್ಥಾನದಲ್ಲಿ ಶ್ರೀವಿಜಯ ಕವಿರಾಜಮಾರ್ಗವನ್ನು ರಚಿಸಿದ. ನಮಗೆ ದೊರೆತಿರುವ ಕನ್ನಡದ ಅತ್ಯಂತ ಹಳೆಯ ಗ್ರಂಥ ಅದು.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ಶಾಸನದ ಭಾಷೆ ಸಂಸ್ಕೃತ, ಕನ್ನಡವಲ್ಲ. ಈ ನೆಲ ಯಾರದು ಎಂಬ ಜಗಳಕ್ಕೆ ದಯವಿಟ್ಟು ಈ ಕಲ್ಲನ್ನು ಎಳೆಯಬೇಡಿ. ಇದೇ ಬೆಟ್ಟದಲ್ಲಿ ಪ್ರಾಕೃತವಿದೆ, ಸಂಸ್ಕೃತವಿದೆ. ತೊಂಬತ್ತನೆಯ ಗುಹೆಯಲ್ಲಿ 1009 ಮತ್ತು 1021ರಲ್ಲಿ ನೋಡಲು ಬಂದ ಪಾರಸಿಗಳು ಪಹ್ಲವಿ ಲಿಪಿಯಲ್ಲಿ ಬರೆದ ಹೆಸರುಗಳಿವೆ. ಎಲ್ಲೆಲ್ಲಿಂದಲೋ ಬಂದವರಿಗೆ ಈ ಜಾಗ ಅಂದೂ ಇತ್ತು, ಇಂದೂ ಇದೆ. ಹಾಗೆ ಬಂದವರಲ್ಲಿ ನಮ್ಮವರೂ ಇದ್ದರು, ನಿನ್ನೆ ಮೊನ್ನೆ ಅಲ್ಲ, ಸಾವಿರದ ನೂರೆಪ್ಪತ್ತು ವರ್ಷದ ಹಿಂದೆಯೇ ಅವರಿಗೆ ಈ ಬೆಟ್ಟದ ಗುರುತಿತ್ತು. ಅಷ್ಟು ತಿಳಿದರೆ ಸಾಕು.

ಹುಡುಗಿ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಶಾಲೆಯಲ್ಲಿ ಹಿಂದಿ ಮರಾಠಿ ಓದಿದವಳು, ಒಂದೆರಡಾದರೂ ಹತ್ತಬಹುದೆಂದು ಅವಳಿಗೆ ಆಸೆ. ನನಗೂ ಹತ್ತಲಿಲ್ಲ, ಅವಳಿಗೂ ಹತ್ತಲಿಲ್ಲ. ಕಾಗದದ ಮೇಲೆ ಗೀರಿಗೆ ಗೀರು ಸೇರಿಸಿ ಬರೆಯುತ್ತಾ ಅವಳು ಹೇಳಿದಳು:

“ಅಂಕಲ್, ನಮ್ಮ ಮನೇಲಿ ಅಜ್ಜಿಯ ಲೆಟರ್ಸ್ ಒಂದು ಡಬ್ಬಿ ತುಂಬಾ ಇದೆ. ಅಜ್ಜಿ ಹೋಗಿ ನಾಲ್ಕು ವರ್ಷ ಆಯ್ತು. ಪಪ್ಪ ಓದ್ತಾರೆ. ನಂಗೆ ಅದೂ ಹೀಗೇ ಕಾಣ್ತದೆ.”

ನಾನು ಏನೂ ಹೇಳಲಿಲ್ಲ. ಹೇಳುವುದೇನಿತ್ತು? ನನ್ನ ಮಗನಿಗೂ ಕನ್ನಡ ಓದಲು ಬಾರದು. ಕಲಿಸಲು ನನಗೂ ಸಮಯವಾಗಲಿಲ್ಲ.

ನಮ್ಮ ಪ್ರದಕ್ಷಿಣೆ ಅಲ್ಲಿಗೇ ನಿಂತಿತು. ಆರೇಯೂ ಇಲ್ಲ, ಪವಾಯಿಯೂ ಇಲ್ಲ. ಬೊರಿವಲಿಗೆ ಇಳಿದು ಸೈಕಲುಗಳನ್ನು ಒಂದು ಟೆಂಪೋಗೆ ಹಾಕಿ ಮಾಷ್ಟ್ರಿದ್ದ ದವಾಖಾನೆಗೆ ಹೋದೆವು. ಎರಡು ಬಾಟಲಿ ಸಲೈನು ಏರಿಸಿದ್ದರು. ಇನ್ನೊಂದು ಗಂಟೆ ಬಿಸಿಲಿನಲ್ಲಿ ಹತ್ತಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದು ವೈದ್ಯರು ನಮ್ಮನ್ನೆಲ್ಲ ಚೆನ್ನಾಗಿ ಬೈದರು. ಬೈಸಿಕೊಂಡೆವು. ಹುಡುಗಿ ಕಾಗದ ಕೊಟ್ಟಳು. ಮಾಷ್ಟ್ರು ಕನ್ನಡಕ ಹಾಕಿ ಅದನ್ನು ಅಡ್ಡ ಉದ್ದ ತಿರುಗಿಸಿ ನೋಡಿದರು. “ಇದರಲ್ಲಿ ಅಮೋಘವರ್ಷ ಎಲ್ಲಿ?” ಎಂದು ಅವಳು ಕೇಳಿದಾಗ, “ನನಗೂ ಓದಲು ಬಾರದು ಮಗಾ” ಎಂದು ಒಪ್ಪಿಕೊಂಡರು. ಆಮೇಲೆ ಪೆನ್ಸಿಲು ತೆಗೆದುಕೊಂಡು ಅದೇ ಕಾಗದದ ಕೆಳಗೆ ಕನ್ನಡದಲ್ಲಿ ದೊಡ್ಡದಾಗಿ ‘ಅಮೋಘವರ್ಷ’ ಎಂದು ಬರೆದು, “ಇದನ್ನು ಹತ್ತು ಸಲ ಬರೆದುಕೊಂಡು ಬಾ” ಎಂದರು. ಸಲೈನಿನ ಸೂಜಿ ಕೈಯಲ್ಲಿದ್ದಾಗಲೂ ಮಾಷ್ಟ್ರು ಮಾಷ್ಟ್ರೇ.

ದೀಪಾವಳಿ ಕಳೆದ ಮೇಲೆ ಚಳಿಯ ಒಂದು ಬೆಳಿಗ್ಗೆ ಮಾಷ್ಟ್ರನ್ನು ಬಸ್ಸಿನಲ್ಲಿ ಕನ್ಹೇರಿಗೆ ಕರೆದುಕೊಂಡು ಹೋದೆವು. ದರ್ಬಾರ್ ಗುಹೆಯ ಎದುರು ಅವರು ಚಪ್ಪಲಿ ಬಿಟ್ಟು ನಿಂತರು. ಏನೂ ಮಾತಾಡಲಿಲ್ಲ, ಪಾಠವನ್ನೂ ಮಾಡಲಿಲ್ಲ. ಹುಡುಗಿ ಜೊತೆಗಿದ್ದಳು. ಈಗ ಭಾನುವಾರದ ತರಗತಿಯಲ್ಲಿ ಎಂಟು ವರ್ಷದ ಮಕ್ಕಳ ನಡುವೆ ಇಪ್ಪತ್ತು ವರ್ಷದವಳೊಬ್ಬಳು ಕೂರುತ್ತಾಳೆ. ಒತ್ತಕ್ಷರದಲ್ಲಿ ಇನ್ನೂ ತಡವರಿಸುತ್ತಾಳೆ. ಅಜ್ಜಿಯ ಡಬ್ಬಿಯ ಮೊದಲ ಪತ್ರವನ್ನು ಓದಿ ಮುಗಿಸಲು ಅವಳಿಗೆ ಎರಡು ವಾರ ಹಿಡಿಯಿತಂತೆ. ಅದರಲ್ಲಿ ಏನಿತ್ತು ಎಂದು ಕೇಳಿದೆ. “ಮಾವಿನ ಮಿಡಿ ಉಪ್ಪಿನಕಾಯಿ ಕಳಿಸಿದ್ದೇನೆ, ಭರಣಿಯ ಬಾಯಿ ಸಡಿಲ ಇದೆ, ಜಾಗ್ರತೆ ಅಂತ” ಎಂದು ನಕ್ಕಳು. ಅಷ್ಟೇ. ಆದರೆ ಅದನ್ನು ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು.

ಗೆಳೆಯರೇ, ನೀವೂ ಹೋಗಿ ಬನ್ನಿ. ಸೈಕಲಿನಲ್ಲೇ ಹೋಗಿ, ಅದರ ಸುಖವೇ ಬೇರೆ. ಆದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಸೋಮವಾರ ಉದ್ಯಾನಕ್ಕೆ ರಜೆ. ಸ್ವಂತ ಸೈಕಲ್ ಇಲ್ಲದವರಿಗೆ ಬಾಗಿಲಿನಲ್ಲೇ ಬಾಡಿಗೆಗೆ ಸಿಗುತ್ತದೆ. ಟಾರು ರಸ್ತೆ ಬಿಟ್ಟು ಕಾಡಿನ ಕಾಲುದಾರಿಗೆ ಅನುಮತಿಯಿಲ್ಲದೆ ಇಳಿಯಬೇಡಿ, ಅದು ಚಿರತೆಯ ಮನೆ. ಒಬ್ಬೊಬ್ಬರಿಗೆ ಕಡಿಮೆಯೆಂದರೆ ಎರಡು ಲೀಟರ್ ನೀರು, ಮೇಲೆ ಉಪ್ಪು ಸಕ್ಕರೆಯ ನೀರು ಬೇರೆ. ಬಾಯಾರುವ ತನಕ ಕಾಯದೆ ಆಗಾಗ ಗುಟುಕರಿಸಿ. ಬರಿಹೊಟ್ಟೆಯಲ್ಲಿ ಬೇಡ. ಜೊತೆಯಲ್ಲಿ ಸದಾ ಮಾತಾಡುವ ಒಬ್ಬರು ತಟ್ಟನೆ ಸುಮ್ಮನಾದರೆ ತಿರುಗಿ ನೋಡಿ. ಹಿರಿಯರಾದರೂ ಸರಿಯೇ, ಗದರಿಸಿ ನೀರು ಕುಡಿಸಿ, ಗದರಿಸಿ ಕೆಳಗಿಳಿಸಿ.

ಹೋಗುವ ಮೊದಲು ಭಾನುವಾರ ಹತ್ತು ಗಂಟೆಗೆ ಸಂಘದ ಕಚೇರಿಗೊಮ್ಮೆ ಬನ್ನಿ. ಮಾಷ್ಟ್ರು ಅಲ್ಲೇ ಇರುತ್ತಾರೆ. ವಯಸ್ಸೆಷ್ಟು ಎಂದು ಕೇಳುವುದಿಲ್ಲ. ಕಾಗುಣಿತ ಬರುತ್ತದೆಯೇ ಎಂದು ಮಾತ್ರ ಕೇಳುತ್ತಾರೆ.